ಅಪ್‌ಡೇಟ್: ವಾರ್ಡ್‌ರೋಬ್ ಹಿಂದೆ ಬರೋ ಸಾಕೆಟ್ ಏನಾಯ್ತು ಅಂತ

ಹೋದ ತಿಂಗಳು ಕೇಳಿದ್ದೆ, ಗೋಡೆಗೆ ಫಿಕ್ಸ್ ಮಾಡಿಸ್ತಿರೋ ವಾರ್ಡ್‌ರೋಬ್ ಹಿಂದೆ ಒಂದು 6 ಆಂಪ್ ಸಾಕೆಟ್ ಬರತ್ತೆ, ಹಾಗೇ ಮುಚ್ಚಿಬಿಡಬಹುದಾ ಅಂತ. ಬೇಡ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕಾರ್ಪೆಂಟರ್ ಅಂತೂ ವೈರ್ ಕಟ್ ಮಾಡಿ ಟೇಪ್ ಸುತ್ತಿ ಪ್ಲೈ ಹೊಡೆದುಬಿಡೋಣ ಅಂತಿದ್ರು, ನಾನು ಒಪ್ಪಲಿಲ್ಲ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಕರೆಸಿದೆ. ಅವರು ಎಂಸಿಬಿ (ಮೇನ್ ಬೋರ್ಡಲ್ಲಿ ಆ ಲೈನಿನ ಕರೆಂಟ್ ಕಟ್ ಮಾಡೋ ಸ್ವಿಚ್) ಆಫ್ ಮಾಡಿ, ಟೆಸ್ಟರ್‌ನ ಮೊದಲು ಕರೆಂಟ್ ಇರೋ ಬೇರೆ ಪಾಯಿಂಟಲ್ಲಿ ಹಿಡಿದು ಸರಿಯಾಗಿ ಕೆಲಸ ಮಾಡ್ತಿದೆಯಾ ನೋಡ್ಕೊಂಡು ಆಮೇಲೆ ಇದನ್ನ ಚೆಕ್ ಮಾಡಿ ಬಿಚ್ಚಿದ್ರು, ನೋಡಿದ್ರೆ ಫೇಸ್, ನ್ಯೂಟ್ರಲ್, ಅರ್ಥ್ ಮೂರರಲ್ಲೂ ಎರಡೆರಡು ವೈರ್! ಅಂದ್ರೆ ಇಲ್ಲಿಂದಲೇ ಮಂಚದ ಪಕ್ಕದ ಸಾಕೆಟ್‌ಗೆ ಲೂಪ್ ಹೋಗಿದೆ, ಕಟ್ ಮಾಡಿದ್ರೆ ಅದೂ ಹೋಗ್ತಿತ್ತು. ಸಾಕೆಟ್ ತೆಗೆದು ಮೂರು ಜೋಡೀನೂ ಬೇರೆಬೇರೆ ಕನೆಕ್ಟರಲ್ಲಿ ಟೈಟ್ ಮಾಡಿ, ಅದೇ ಬಾಕ್ಸ್ ಒಳಗಿಟ್ಟು ಬ್ಲ್ಯಾಂಕ್ ಪ್ಲೇಟ್ (ತೂತಿಲ್ಲದ ಮುಚ್ಚು ಪ್ಲೇಟ್) ಹಾಕಿದ್ರು.

ಹಿಂದಿನ ಪ್ಲೈನಲ್ಲಿ ಬಾಕ್ಸ್ ಅಳತೆಗೆ ಕಿಂಡಿ ಕೊಯ್ಸಿ ಸ್ಕ್ರೂ ಹಾಕೋ ಮುಚ್ಚಳ ಇಟ್ಟಿದೀವಿ. ಇದನ್ನ ಮಾತ್ರ ಬಿಡಬೇಡಿ, ಜಾಯಿಂಟ್ ಲೂಸಾಗಿ ಬಿಸಿಯಾದ್ರೆ ಒಳಗೆ ಬಟ್ಟೆ, ಮರ, ಹೊರಗೆ ಗೊತ್ತೇ ಆಗಲ್ಲ, ನಂಗೆ ಅದೇ ಭಯ ಇದ್ದಿದ್ದು. ಮುಚ್ಚಳದ ಮೇಲೆ ಯಾವ ಎಂಸಿಬಿ ಅಂತ ಮಾರ್ಕರಲ್ಲಿ ಬರೆದೂ ಇಟ್ಟಿದೀನಿ.