ಹತ್ತಿಕಾಳಿನ ಹಿಂಡಿಯಲ್ಲಿ ಕುಲಾಂತರಿ ಅಂಶ: ಯಾವ ಪರೀಕ್ಷೆ ಸರಿ?

ಪ್ರಶ್ನೆ (ಹಾವೇರಿ): ಎಮ್ಮೆಗಳಿಗೆ ಹತ್ತಿಕಾಳಿನ ಹಿಂಡಿಯನ್ನು ನೆನೆಸಿ ಕೊಡುತ್ತೇನೆ. ಕುಲಾಂತರಿ (ಬೇರೆ ಜೀವಿಯ ಜೀನ್ ಸೇರಿಸಿದ ತಳಿ) ಅಲ್ಲದ ಹಿಂಡಿಯೆಂದು ವ್ಯಾಪಾರಿಯೊಬ್ಬರು ಹೆಚ್ಚು ದರ ಕೇಳುತ್ತಿದ್ದಾರೆ. ಎಲೆಗೆ ಬಳಸುವ ಪಟ್ಟಿ ಪರೀಕ್ಷೆಯಿಂದ ಇದನ್ನು ತಿಳಿಯಬಹುದೇ?

ಉತ್ತರ (ಧಾರವಾಡ): ಪಟ್ಟಿಯು ಕ್ರೈ1ಎಸಿಯಂತಹ, ಕುಲಾಂತರಿ ಹತ್ತಿಯಲ್ಲಿ ಹುಳುವನ್ನು ಕೊಲ್ಲುವ ಪ್ರೋಟೀನನ್ನು ಗುರುತಿಸಿ ಗೆರೆ ಮೂಡಿಸುತ್ತದೆ, ಎಣ್ಣೆ ತೆಗೆಯುವಾಗಿನ ಬಿಸಿಗೆ ಅದು ಕೆಟ್ಟಿದ್ದರೆ ಗೆರೆ ಮೂಡದಿರಬಹುದು, ಹಾಗೆಂದು ಕುಲಾಂತರಿ ಅಂಶವೇ ಇಲ್ಲ ಎನ್ನಲಾಗದು. ಡಿಎನ್‌ಎ ಹೆಚ್ಚು ತಾಳಿಕೊಳ್ಳುವುದರಿಂದ, 35ಎಸ್ ಪ್ರಮೋಟರ್‌ನಂತಹ (ಸೇರಿಸಿದ ಜೀನ್‌ಗೆ ಚಾಲನೆ ಕೊಡುವ) ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಹುಡುಕುವ ಪಿಸಿಆರ್ ಪರೀಕ್ಷೆಯನ್ನೇ ಕೇಳಿರಿ. ವರದಿಯಲ್ಲಿ ಹತ್ತಿಯ ಸ್ವಂತ ಜೀನ್ ಪತ್ತೆಯಾಗಿದೆಯೇ ಎಂದೂ ನೋಡಿರಿ. ಅದೇ ಸಿಗದಿದ್ದರೆ ಡಿಎನ್‌ಎಯೇ ಕೆಟ್ಟಿರಬಹುದು, ಆಗ ‘ಇಲ್ಲ’ ಎಂಬ ಫಲಿತಾಂಶಕ್ಕೆ ಬೆಲೆಯಿಲ್ಲ.

ಉತ್ತರ (ರಾಣೆಬೆನ್ನೂರು): ಒಂದೇ ಚೀಲದ ಒಂದು ಹಿಡಿ ಸಾಲದು, ಹಲವು ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ಬೆರೆಸಿ ಕಳುಹಿಸಿರಿ. 2002ರಲ್ಲಿ ಅನುಮತಿ ಸಿಕ್ಕ ಕುಲಾಂತರಿ ಬಿಟಿ ಹತ್ತಿಯೇ ಈಗ ಬಹುಪಾಲು ಹೊಲಗಳಲ್ಲಿರುವಾಗ, ವರದಿ ನೋಡದೆ ದಯವಿಟ್ಟು ಹೆಚ್ಚು ದರ ಕೊಡಬೇಡಿರಿ.