ಸಿಗರೇಟು ಬಿಡಿಸಲು ವೈದ್ಯರಿಗೆ, ನರ್ಸ್‌ಗಳಿಗೆ ಅರ್ಧ ದಿನದ ತರಬೇತಿ: ಏನು ಕಲಿಸಬೇಕು?

ಓಪಿಡಿ_ಮೇಲ್ವಿಚಾರಕಿ: ಕೇಳುವುದು, ಬಿಡಿ ಅನ್ನುವುದು, ಸಿದ್ಧರಿದ್ದಾರಾ ನೋಡುವುದು, ನೆರವಾಗುವುದು, ಮುಂದಿನ ಭೇಟಿ ಗೊತ್ತುಮಾಡುವುದು. ಈ ಐದೂ ಹೆಜ್ಜೆ ಎಲ್ಲರಿಗೂ ಬೇಕಾ, ಅರ್ಧ ನಿಮಿಷದ ಚುಟುಕು ಸಲಹೆ ಸಾಕಾ?

ಎದೆರೋಗ_ವೈದ್ಯ: ಚುಟುಕೇ ಸಾಕು. ಹೊರಗೆ ಸಾಲು ನಿಂತಿರುವಾಗ ಐದು ಹೆಜ್ಜೆ ಯಾರೂ ಹಾಕಲ್ಲ. ಸೇದ್ತೀರಾ ಅಂತ ಕೇಳಿ, ಔಷಧಿ ಮತ್ತು ಸಮಾಲೋಚನೆ ಎರಡೂ ಸೇರಿದರೆ ಬಿಡೋದು ಸುಲಭ ಅಂತ ಹೇಳಿ, ಅಲ್ಲೇ ಸಮಾಲೋಚಕರ ಹತ್ತಿರ ಕಳಿಸಿ.

ಸಮಾಲೋಚಕಿ_2: ಕಳಿಸಿದ ಮೇಲೆ ನೋಡುವವರಿಗೆ ಐದೂ ಬರಬೇಕಲ್ಲ ಸರ್! ತರಬೇತಿ ಮುಗಿಸಿದವರೂ ಎರಡನೇ ಹೆಜ್ಜೆಗೇ ನಿಲ್ಲುತ್ತಾರೆ, ಏಕೆಂದರೆ ಕಲಿತದ್ದು ಬರೀ ಸ್ಲೈಡು. ಕ್ಯಾನ್ಸರಿನ ಚಿತ್ರಗಳನ್ನು ಹತ್ತು ನಿಮಿಷಕ್ಕೆ ಮುಗಿಸಿ, ಮೂರು ಮೂರು ಜನರನ್ನು ಕೂರಿಸಿ: ಒಬ್ಬರು ರೋಗಿ, ಒಬ್ಬರು ವೈದ್ಯ, ಇನ್ನೊಬ್ಬರು ಪಟ್ಟಿ ಹಿಡಿದು ಗಮನಿಸುವವರು. "ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು?" ಅನ್ನುವ ಪ್ರಶ್ನೆ ಬಿಟ್ಟುಹೋದರೆ ಮತ್ತೆ ಮೊದಲಿಂದ. 30 ನಿಮಿಷದೊಳಗೆ ಅಂದರೆ 4 ಮಿ.ಗ್ರಾಂ. ನಿಕೋಟಿನ್ ಗಮ್, ಆಮೇಲೆ ಅಂದರೆ 2.

ಫಾರ್ಮಸಿ_ಕೌಂಟರ್: ಗಮ್ ಜಗಿಯೋದನ್ನೂ ಕಲಿಸಿ ದಯವಿಟ್ಟು. ಚೂಯಿಂಗ್ ಗಮ್ ಥರ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಶುರು. "ನನಗೆ ಆಗಿಬರಲ್ಲ" ಅಂತ ಎರಡನೇ ದಿನಕ್ಕೇ ಎಸೀತಾರೆ. ಖಾರ ಅನ್ನಿಸೋವರೆಗೆ ನಿಧಾನ ಜಗಿದು, ಕೆನ್ನೆ-ವಸಡಿನ ನಡುವೆ ಒತ್ತರಿಸಿಡಬೇಕು. ಖಾರ ಇಳಿದರೆ ಮತ್ತೆ ಜಗಿಯಬೇಕು. ಸುಮಾರು 30 ನಿಮಿಷ. ಅದಕ್ಕೆ ಮುಂಚಿನ 15 ನಿಮಿಷ ಕಾಫಿ, ಹಣ್ಣಿನ ರಸ ಬೇಡ. ಬಾಯಲ್ಲಿ ಆಮ್ಲವಿದ್ದರೆ ನಿಕೋಟಿನ್ ಹೀರಿಕೊಳ್ಳಲ್ಲ. ಸಿಗರೇಟಿನ ಹಂಬಲ ತಗ್ಗಿಸುವ ವೇರೆನಿಕ್ಲಿನ್ ಮಾತ್ರೆಯಲ್ಲೂ ಎಡವಟ್ಟು ಇದೆ: ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರುಮಾಡಬೇಕು, ಅವತ್ತೇ ಅಲ್ಲ.

ಮನೋವೈದ್ಯೆ: ಇದನ್ನೂ ಸೇರಿಸಿ. ಕ್ಲೋಜಪಿನ್ (ಮನೋರೋಗದ ಔಷಧಿ), ಥಿಯೋಫಿಲಿನ್ (ಉಬ್ಬಸದ ಔಷಧಿ) ತಗೊಳ್ಳುವವರು ಸಿಗರೇಟು ಬಿಟ್ಟರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರುತ್ತೆ. ಯಕೃತ್ತಿನ ಕಿಣ್ವವನ್ನು ಚುರುಕಾಗಿಸುವುದು ಹೊಗೆಯೊಳಗಿನ ರಾಸಾಯನಿಕಗಳು, ನಿಕೋಟಿನ್ ಅಲ್ಲ. ಹಾಗಾಗಿ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಾಕಿದ್ದರೂ ಆ ಔಷಧಿಯ ಡೋಸ್ ಇಳಿಸಬೇಕಾಗಬಹುದು. ವಾರ್ಡಿನಲ್ಲಿ ಇದನ್ನು ಮರೆತೇಬಿಡ್ತಾರೆ.

ಎದೆರೋಗ_ವೈದ್ಯ: ಸರಿ, ಗಮ್ ಮತ್ತು ಡೋಸ್ ವಿಚಾರ ಎಲ್ಲರಿಗೂ ಇರಲಿ. ಆದರೆ ಐದನೇ ಹೆಜ್ಜೆಯನ್ನು ವೈದ್ಯರ ತಲೆಗೆ ಕಟ್ಟಬೇಡಿ, ನಡೆಯಲ್ಲ.

ಸಮಾಲೋಚಕಿ_2: ಅದು ಒಪ್ಪಿದೆ. ಚಡಪಡಿಕೆ ಜೋರಾಗಿರುವುದು ಮೊದಲ ವಾರದಲ್ಲೇ; ಅಷ್ಟರೊಳಗೆ ಫೋನ್ ಮಾಡುವ ನರ್ಸ್ ಹೆಸರು ಕೇಸ್ ಪೇಪರಿನಲ್ಲೇ ಬರೆದಿರಲಿ.