ಪದಚರ್ಚೆ: ಮೈಕ್ರೋಲೆನ್ಸಿಂಗ್‌ನ ಪ್ಯಾರಲಾಕ್ಸ್ ಸ್ಥಾನಪಲ್ಲಟವೋ, ಲಂಬನವೋ?

‘ಸ್ಪಿಟ್ಜರ್ ದೂರದರ್ಶಕ ಅವಳಿ ನಕ್ಷತ್ರದ ಸ್ಥಾನಪಲ್ಲಟ ಅಳೆದು ಅದರ ತೂಕ, ದೂರ ಕಂಡುಹಿಡಿಯಿತು’ ಎಂದು ಬರೆಯಬಹುದೇ? ಬೇಡವೆನ್ನುತ್ತೇನೆ. ಪ್ಯಾರಲಾಕ್ಸ್ ಎಂದರೆ ನೋಡುವ ಜಾಗ ಬದಲಾದಾಗ ಕಾಣುವ ವ್ಯತ್ಯಾಸ; ಆದರೆ ಈ ವಿಧಾನದಲ್ಲಿ ಯಾವ ಚುಕ್ಕಿಯೂ ಜಾಗ ಬದಲಿಸಿದ್ದು ಕಾಣುವುದಿಲ್ಲ.

ಹಿನ್ನೆಲೆಯ ನಕ್ಷತ್ರದ ಮುಂದೆ ಅವಳಿಯೊಂದು ಹಾದಾಗ ಅದರ ಗುರುತ್ವ ಮಸೂರವಾಗಿ ಹಿಂದಿನ ಬೆಳಕು ಏರಿ ಇಳಿಯುತ್ತದೆ; ಇದೇ ಮೈಕ್ರೋಲೆನ್ಸಿಂಗ್. ಬಾಹ್ಯಾಕಾಶದಲ್ಲಿದ್ದ ಸ್ಪಿಟ್ಜರ್ 2014ರ ಹೊತ್ತಿಗೆ ಭೂಮಿಯಿಂದ ಸುಮಾರು ಒಂದು ಖಗೋಳಮಾನ (ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ಅಂತರ) ದೂರ ಸರಿದಿತ್ತು. ಅಲ್ಲಿಂದ ನೋಡಿದರೆ ಬೆಳಕಿನ ಶಿಖರ ಬರುವ ದಿನವೇ ಬೇರೆ, ಎತ್ತರವೂ ಬೇರೆ. ಅಳೆಯುವುದು ಈ ಎರಡು ಅಂತರಗಳನ್ನು. ನಮ್ಮ ಗ್ರಹಣಗಣಿತದಲ್ಲಿ ಇದಕ್ಕೆ ಒಪ್ಪುವ ಜೋಡಿಪದ ಮೊದಲೇ ಇದೆ: ಅಮಾವಾಸ್ಯೆಯ ಅಂತ್ಯಕಾಲವನ್ನು ಘಟಿಗಳಲ್ಲಿ (ಒಂದು ಘಟಿ 24 ನಿಮಿಷ) ತಿದ್ದುವುದು ಲಂಬನ, ಶರವನ್ನು (ಸೂರ್ಯನ ಹಾದಿಯಿಂದ ಚಂದ್ರ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಅಂತರವನ್ನು) ತಿದ್ದುವುದು ನತಿ. ಒಟ್ಟು ಪರಿಣಾಮಕ್ಕೂ ಲಂಬನವೆಂದೇ ಕರೆದರೆ ನಡೆಯುತ್ತದೆ.

ತೊಡಕಿರುವುದು ನತಿಯಲ್ಲಿ. ಹಿಂದಿನ ನಕ್ಷತ್ರ ಮಸೂರದ ಯಾವ ಮಗ್ಗುಲಲ್ಲಿ ಹಾದಿತೆಂದು ಬೆಳಕಿನ ಏರಿಳಿತದ ರೇಖೆ ಹೇಳದು. ಒಂಟಿ ಮಸೂರವಾದರೆ ನಾಲ್ಕು ಉತ್ತರಗಳು ಉಳಿಯುತ್ತವೆ. ಅವಳಿಯಲ್ಲಿ ಗೊಂದಲ ಕಡಿಮೆ, ಕಾಸ್ಟಿಕ್ ಗೆರೆಗಳ (ಹಿಂದಿನ ನಕ್ಷತ್ರ ದಾಟುವಾಗ ಬೆಳಕು ಥಟ್ಟನೆ ಏರುವ ಗೆರೆಗಳ) ದಯೆಯಿಂದ. (ಸ್ಟೀಲ್ ಲೋಟದ ಹಾಲಿನ ಮೇಲೆ ಮೂಡುವ ಬೆಳಕಿನ ಬಾಗುಗೆರೆಯ ಜಾತಿ. ‘ದಾಹಕ’ ಎಂದು ಮಾತ್ರ ಬರೆಯಬೇಡಿ, ಸೋಡಾ ನೆನಪಾದೀತು.) ಆ ಗೆರೆ ದಾಟಲು ಹಿಡಿಯುವ ಹೊತ್ತಿನಿಂದ ನಕ್ಷತ್ರದ ಬಿಂಬ ಐನ್‌ಸ್ಟೈನ್ ತ್ರಿಜ್ಯದ (ಮಸೂರದ ಪ್ರಭಾವವಲಯದ ಕೋನೀಯ ತ್ರಿಜ್ಯದ) ಎಷ್ಟನೇ ಪಾಲು ಎಂಬುದು ಸಿಗುತ್ತದೆ, ಬಿಂಬದ ಕೋನೀಯ ಗಾತ್ರ ಬಣ್ಣ ಮತ್ತು ಕಾಂತಿಯಿಂದ ಗೊತ್ತಾಗುತ್ತದೆ, ಭಾಗಿಸಿದರೆ ತ್ರಿಜ್ಯ. ದಾಟುವ ಆ ಕೆಲವು ಗಂಟೆ ಮೋಡ ಕವಿದರೆ ಲಂಬನ ಕೈಯಲ್ಲಿದ್ದೂ ತೂಕ ಸಿಗದು.

2016ರಲ್ಲಿ ಗಯಾ ಉಪಗ್ರಹ ಪತ್ತೆಹಚ್ಚಿದ ಗಯಾ16ಎವೈಇ ಎಂಬ ಅವಳಿ ಮಸೂರದ ಘಟನೆ ನೋಡಿ. ತ್ರಿಜ್ಯ ಸುಮಾರು 3.04 ಮಿಲಿ ಆರ್ಕ್‌ಸೆಕೆಂಡ್ (ಡಿಗ್ರಿಯ 36 ಲಕ್ಷದ ಒಂದು ಪಾಲು ಒಂದು ಮಿಲಿ ಆರ್ಕ್‌ಸೆಕೆಂಡ್), ಲಂಬನ ಸುಮಾರು 0.4. ತ್ರಿಜ್ಯವನ್ನು 8.14 × 0.4ರಿಂದ ಭಾಗಿಸಿದರೆ (8.14 ಎಂಬುದು ಒಂದು ಸ್ಥಿರಾಂಕ) ತೂಕ ಸೂರ್ಯನ 0.93ರಷ್ಟು, ಅವಳಿಯ ಎರಡಕ್ಕೂ ಬಿಡಿಸಿದರೆ 0.57 ಮತ್ತು 0.36. ದೂರ ಸುಮಾರು 780 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ). ಗಯಾ ಇದ್ದದ್ದು ಭೂಮಿಯಿಂದ ಬರೀ 15 ಲಕ್ಷ ಕಿ.ಮೀ. ಆಚೆ. ಹಾಗಾಗಿ ಇಲ್ಲಿ ಲಂಬನ ಮುಖ್ಯವಾಗಿ ದಕ್ಕಿದ್ದು ವರ್ಷ ಮೀರಿ ನಡೆದ ಘಟನೆಯುದ್ದಕ್ಕೂ ಭೂಮಿ ಸೂರ್ಯನನ್ನು ಸುತ್ತಿದ್ದರಿಂದ.

ಇನ್ನೊಂದು ಎಚ್ಚರ: ಈ 0.4ಕ್ಕೆ ಮಾನವಿಲ್ಲ, ಅದು ಕೋನವಲ್ಲ. ತ್ರಿಜ್ಯದಿಂದ ಗುಣಿಸಿದಾಗ ಬರುವ 1.2 ಮಿಲಿ ಆರ್ಕ್‌ಸೆಕೆಂಡೇ ನಿಜವಾದ ಕೋನ. ಮೊದಲನೆಯದಕ್ಕೆ ‘ಮಸೂರ ಲಂಬನ’, ಎರಡನೆಯದಕ್ಕೆ ‘ಸಾಪೇಕ್ಷ ಲಂಬನ’ ಎನ್ನೋಣವೇ? ದೂರದ ಲೆಕ್ಕಕ್ಕೆ ಬೇಕಾದದ್ದು ಎರಡನೆಯದು. ಅದಕ್ಕೆ ಹಿಂದಿನ ನಕ್ಷತ್ರದ ಲಂಬನ ಕೂಡಿಸುವುದನ್ನು ಮರೆಯುವಂತಿಲ್ಲ.